ಗೆಳತಿ ಮನೆಯಲ್ಲಿ ಮಲಗೋದು: ಅಪ್ಪ ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

"ಅಮ್ಮಾ, ಶನಿವಾರ ರಾತ್ರಿ ಅವಳ ಮನೆಯಲ್ಲೇ ಮಲಗಲಾ?"

ಮಗಳು ಮೊದಲ ಸಲ ಹೀಗೆ ಕೇಳಿದಾಗ ಅವಳಿಗೆ ಎಂಟು ವರ್ಷ. ನಾನು ಹಿಂದೆ ಮುಂದೆ ನೋಡದೆ "ಬೇಡ" ಅಂದುಬಿಟ್ಟೆ. ಯಾಕೆ ಬೇಡ ಅಂತ ಅವಳು ಕೇಳಿದಳು. ಹೇಳಲು ನನ್ನ ಹತ್ತಿರ ಕಾರಣ ಇರಲಿಲ್ಲ, ಬರೀ ಭಯ ಇತ್ತು. ಆಮೇಲೆ ನಾಲ್ಕೈದು ವರ್ಷದಲ್ಲಿ ಅವಳು ಗೆಳತಿಯರ ಮನೆಯಲ್ಲಿ ಎಷ್ಟೋ ರಾತ್ರಿ ಕಳೆದಿದ್ದಾಳೆ. ಬೆಂಗಳೂರಿನ ನಮ್ಮ ಫ್ಲ್ಯಾಟಿನ ಹಾಲ್‌ನಲ್ಲಿ ಒಂದೇ ಸಲಕ್ಕೆ ಆರು ಮಕ್ಕಳು ಮಲಗಿದ್ದೂ ಇದೆ. ಸ್ಕೂಲ್ ಬಸ್ಸಿಗೆ ಕಾಯುವಾಗ, ಲಿಫ್ಟ್ ಹತ್ತುವಾಗ ಬೇರೆ ತಾಯಂದಿರು ನನ್ನನ್ನು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಹೆಚ್ಚಿನ ಉತ್ತರಗಳು ಎರಡೇ ಮಾತಿಗೆ ಬಂದು ನಿಲ್ಲುತ್ತವೆ. ಎರಡೂ ಮನೆಯ ದೊಡ್ಡವರು ಮೊದಲೇ ಬಾಯಿಬಿಟ್ಟು ಮಾತಾಡಿರಬೇಕು. ಮಗುವಿಗೆ ಎಷ್ಟು ಹೊತ್ತಿನಲ್ಲಾದರೂ ಮನೆಗೆ ವಾಪಸ್ ಬರುವ ದಾರಿ ಇರಬೇಕು.

ಸ್ಲೀಪ್‌ಓವರ್ ಅನ್ನೋದು ನಮ್ಮ ಪದ್ಧತಿಯೇ ಅಲ್ಲ, ಅಲ್ವಾ?

ಹೆಸರು ಹೊಸದು. ಕೆಲಸ ಹಳೆಯದು.

ನಾನು ಓದಿದ್ದು ತೀರ್ಥಹಳ್ಳಿ ಕಡೆಯ ಶಾಲೆಯಲ್ಲಿ. ಜುಲೈ ತಿಂಗಳಲ್ಲಿ ಮಳೆ ಹಿಡಿದರೆ ಹಳ್ಳ ತುಂಬಿ ಬರುತ್ತಿತ್ತು. ಅಡಿಕೆ ಮರದ ಕಾಲುಸಂಕ ದಾಟಿ ಮನೆಗೆ ಹೋಗಬೇಕಾದ ಮಕ್ಕಳು ಅವತ್ತು ಹೋಗುವಂತಿರಲಿಲ್ಲ. ಊರೊಳಗಿನ ಗೆಳತಿ ಮನೆಯಲ್ಲೇ ಉಳಿಯಬೇಕು. ಫೋನ್ ಇಲ್ಲದ ಕಾಲ. ಆದರೂ ನಮ್ಮ ಅಪ್ಪ ಅಮ್ಮ ನಿದ್ದೆ ಮಾಡುತ್ತಿದ್ದರು, ಯಾಕೆಂದರೆ ಹಳ್ಳ ಬಂದರೆ ನಾನು ಯಾರ ಮನೆಯಲ್ಲಿರಬೇಕು ಅಂತ ಮಳೆಗಾಲಕ್ಕೆ ಮುಂಚೆಯೇ ಎರಡು ಮನೆಯವರೂ ಮಾತಾಡಿಕೊಂಡಿದ್ದರು. ಅವರ ಮನೆಯ ಒಲೆ ಪಕ್ಕ ನಮ್ಮ ಲಂಗ ಒಣಗಿಸಿ, ಒಂದೇ ಕಂಬಳಿಯೊಳಗೆ ಮೂವರನ್ನು ಮಲಗಿಸುತ್ತಿದ್ದರು. ಹಂಡೆಯ ಬಿಸಿನೀರಿನ ಹೊಗೆ ವಾಸನೆ ನನಗೆ ಇವತ್ತಿಗೂ ನೆನಪಿದೆ.

ಶಿವರಾತ್ರಿ ಜಾಗರಣೆಗೆ ಯಾರದೋ ಮನೆಯಲ್ಲಿ ಸೇರಿ ಚೌಕಾಬಾರ ಆಡಿ ಅಲ್ಲೇ ಉರುಳಿಕೊಂಡವರು, ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಾಗ ಕಂಬೈನ್ಡ್ ಸ್ಟಡಿ ಅಂತ ಹಾಸಿಗೆ ಸುತ್ತಿಕೊಂಡು ಹೋದವರು, ರಾತ್ರಿಯಿಡೀ ಯಕ್ಷಗಾನ ನೋಡಿ ಬಯಲಿಗೆ ಹತ್ತಿರದ ಮನೆಯ ಜಗಲಿಯಲ್ಲಿ ನಿದ್ದೆ ಹೋದವರು ನಮ್ಮಲ್ಲಿ ಎಷ್ಟು ಜನ ಇಲ್ಲ! ಬದಲಾಗಿದ್ದು ಒಂದೇ. ಆಗ ಆ ಮನೆ ನಮ್ಮ ಮನೆಯವರಿಗೆ ಮೂರು ತಲೆಮಾರಿನಿಂದ ಗೊತ್ತಿತ್ತು. ಈಗ ಮಗಳ ಗೆಳತಿಯ ಅಪ್ಪನ ಹೆಸರೂ ನಮಗೆ ಗೊತ್ತಿರೋದಿಲ್ಲ. ಹಾಗಾಗಿ ಆಗ ತಾನಾಗಿ ಸಿಗುತ್ತಿದ್ದ ಪರಿಚಯವನ್ನು ಈಗ ನಾವೇ ಹೋಗಿ ಮಾಡಿಕೊಳ್ಳಬೇಕು.

ಎಷ್ಟು ವರ್ಷಕ್ಕೆ ಕಳಿಸಬಹುದು?

ಇಷ್ಟೇ ವಯಸ್ಸು ಅಂತ ಇಲ್ಲ. ಆರು ವರ್ಷಕ್ಕೇ ಆರಾಮಾಗಿ ಮಲಗುವ ಮಕ್ಕಳಿದ್ದಾರೆ. ಹನ್ನೊಂದಕ್ಕೂ ಬೇಡ ಅನ್ನುವವರಿದ್ದಾರೆ. ನಾನು ನೋಡೋದು ನಾಲ್ಕು ವಿಷಯ. ಅಜ್ಜಿ ಮನೆಯಲ್ಲೋ ಚಿಕ್ಕಮ್ಮನ ಮನೆಯಲ್ಲೋ ಅಪ್ಪ ಅಮ್ಮ ಇಲ್ಲದೆ ಒಂದು ರಾತ್ರಿ ಕಳೆದಿರಬೇಕು. ರಾತ್ರಿ ಎಚ್ಚರವಾದರೆ ತಾನೇ ಎದ್ದು ಬಾತ್‌ರೂಮಿಗೆ ಹೋಗಿ ಬರಬೇಕು. ಹೊಟ್ಟೆ ನೋಯುತ್ತಿದೆ, ಭಯ ಆಗುತ್ತಿದೆ ಅಂತ ಬೇರೆ ದೊಡ್ಡವರಿಗೆ ಹೇಳಲು ಬರಬೇಕು. ನಾಲ್ಕನೆಯದು, ಹೋಗಬೇಕು ಅನ್ನುವ ಆಸೆ ಮಗುವಿನದೇ ಆಗಿರಬೇಕು. "ಎಲ್ಲರೂ ಹೋಗ್ತಿದ್ದಾರೆ, ನೀನೊಬ್ಬನೇ ಯಾಕೆ ಹೀಗೆ" ಅಂತ ತಳ್ಳಿ ಕಳಿಸಬೇಡಿ.

ಅನುಮಾನ ಇದ್ದರೆ ಅರ್ಧ ಸ್ಲೀಪ್‌ಓವರ್ ಮಾಡಿ. ಸಂಜೆ ಹೋಗಲಿ, ಊಟ ಮಾಡಲಿ, ನೈಟ್‌ಡ್ರೆಸ್ ಹಾಕಿಕೊಂಡು ಆಡಲಿ, ಒಂಬತ್ತೂವರೆಗೆ ಹೋಗಿ ಕರೆದುಕೊಂಡು ಬನ್ನಿ. ನಮ್ಮ ಮಗಳು ಮೊದಲ ಎರಡು ಸಲ ಹೀಗೇ ಮಾಡಿದ್ದು.

ಆ ಮನೆಯವರ ಹತ್ತಿರ ಏನೇನು ಕೇಳಬೇಕು? ಕೇಳೋಕೇ ಮುಜುಗರ ಆಗುತ್ತೆ.

ಆ ಮುಜುಗರ ನನಗೂ ಇತ್ತು. ಈಗ ನಾನು ಮೊದಲು ನಮ್ಮ ಮನೆ ವಿಷಯ ಹೇಳಿ ಮಾತು ಶುರು ಮಾಡುತ್ತೇನೆ. "ನಿಮ್ಮ ಮಗಳು ನಮ್ಮಲ್ಲಿಗೆ ಬಂದರೆ ನಾನು, ನಮ್ಮ ಯಜಮಾನರು, ಅತ್ತೆ ಇರ್ತೀವಿ. ಮಕ್ಕಳು ಹಾಲ್‌ನಲ್ಲಿ ಮಲಗ್ತಾರೆ. ನಾನು ಪಕ್ಕದ ರೂಮಿನಲ್ಲೇ ಬಾಗಿಲು ತೆಗೆದು ಮಲಗ್ತೀನಿ. ನಿಮ್ಮ ಮನೇಲಿ ಹೇಗೆ?" ಇಷ್ಟು ಹೇಳಿದರೆ ಸಾಕು, ಅವರೂ ಬಿಚ್ಚಿ ಹೇಳುತ್ತಾರೆ. ಯಾರೂ ಇವತ್ತಿನವರೆಗೆ ಬೇಜಾರು ಮಾಡಿಕೊಂಡಿಲ್ಲ. "ನಾನೂ ಇದನ್ನೇ ಕೇಳಬೇಕು ಅಂತಿದ್ದೆ" ಅಂದವರೇ ಜಾಸ್ತಿ.

ರಾತ್ರಿ ಮನೆಯಲ್ಲಿ ಯಾರ್ಯಾರು ಇರುತ್ತಾರೆ ಅನ್ನೋದನ್ನು ತಪ್ಪದೆ ಕೇಳಿ. ಯಾವಾಗಲೂ ಇರುವವರ ಜೊತೆ ಆ ವಾರ ಬಂದಿರುವ ನೆಂಟರು, ಮೇಲಿನ ರೂಮಿನ ಬಾಡಿಗೆಯವರು, ದೊಡ್ಡ ಅಣ್ಣ, ಅವನ ಸ್ನೇಹಿತರು, ಮನೆಯಲ್ಲೇ ಉಳಿಯುವ ಕೆಲಸದವರು ಎಲ್ಲರೂ ಲೆಕ್ಕಕ್ಕೆ ಬರಬೇಕು. ಮಕ್ಕಳನ್ನು ಬಿಟ್ಟು ದೊಡ್ಡವರು ರಾತ್ರಿ ಹೊರಗೆ ಹೋಗುವ ಯೋಚನೆ ಇದೆಯಾ, ಮಕ್ಕಳು ಎಲ್ಲಿ ಯಾರ ಜೊತೆ ಮಲಗುತ್ತಾರೆ, ಇದನ್ನೂ ಕೇಳಿ.

ಇನ್ನು ಮನೆಯ ವಿಷಯ. ಬೆಂಗಳೂರಿನಲ್ಲಿ ನಾನು ಮರೆಯದೆ ಕೇಳೋದು ಗ್ಯಾಸ್ ಗೀಸರ್ ಬಗ್ಗೆ. ಗಾಳಿ ಆಡದ ಬಾತ್‌ರೂಮಿನ ಒಳಗೇ ಗ್ಯಾಸ್ ಗೀಸರ್ ಇದ್ದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳಬಹುದು. ಆ ಅನಿಲಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಸ್ನಾನಕ್ಕೆ ಹೋದವರು ಅಲ್ಲೇ ಪ್ರಜ್ಞೆ ತಪ್ಪಿ ಸತ್ತ ಸುದ್ದಿಯನ್ನು ನಾವು ಪೇಪರಿನಲ್ಲಿ ಓದುತ್ತಲೇ ಇರುತ್ತೇವೆ. ಗೀಸರ್ ಹೊರಗಿದ್ದು, ಕಿಟಕಿ ತೆರೆದಿದ್ದರೆ ಸರಿ. ಇಲ್ಲದಿದ್ದರೆ ಮಗಳಿಗೆ "ಸ್ನಾನ ಮನೆಗೆ ಬಂದು ಮಾಡು" ಅಂತ ಹೇಳಿ ಕಳಿಸುತ್ತೇನೆ. ಬಾಲ್ಕನಿಗೆ ಗ್ರಿಲ್ ಇದೆಯಾ, ಸಂಪಿನ ಮುಚ್ಚಳ ಭದ್ರವಾಗಿದೆಯಾ, ಟೆರೇಸ್ ಬಾಗಿಲಿಗೆ ರಾತ್ರಿ ಬೀಗ ಬೀಳುತ್ತಾ, ಅಪಾರ್ಟ್‌ಮೆಂಟಿನ ಈಜುಕೊಳಕ್ಕೆ ಮಕ್ಕಳು ತಾವೇ ಇಳಿಯಬಹುದಾ ಅಂತಲೂ ನೋಡಿ. ಒಂದು ಸಲ ಹೋಗಿ ಕಾಫಿ ಕುಡಿದು ಬಂದರೆ ಇದರಲ್ಲಿ ಅರ್ಧ ಕೇಳದೆಯೇ ಗೊತ್ತಾಗುತ್ತದೆ.

ಮನೆಯಲ್ಲಿ ಬಂದೂಕು ಇದೆಯಾ ಅಂತಲೂ ಕೇಳಬೇಕಾ?

ಕೆಲವು ಕಡೆ ಖಂಡಿತ ಕೇಳಬೇಕು. ಕೊಡಗಿನಲ್ಲಿ ಕೊಡವರಿಗೆ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್‌ನಿಂದ ವಿನಾಯಿತಿ ಇದೆ. ಬಹಳ ಮನೆಗಳಲ್ಲಿ ಕೋವಿ ಇರುತ್ತದೆ, ಕೈಲ್‌ಪೋಳ್ದ್ ಹಬ್ಬದಲ್ಲಿ ಅದಕ್ಕೆ ಪೂಜೆಯೂ ಆಗುತ್ತದೆ. ಮಲೆನಾಡಿನಲ್ಲೂ ಹಂದಿ, ಮಂಗಗಳ ಕಾಟಕ್ಕೆ ತೋಟದ ಮನೆಯವರು ಲೈಸೆನ್ಸ್ ತೆಗೆದುಕೊಂಡು ಕೋವಿ ಇಟ್ಟಿರುತ್ತಾರೆ. ರಜೆಯಲ್ಲಿ ಮಗ ಗೆಳೆಯನ ಊರಿಗೆ ಹೋಗುತ್ತಾನೆ ಅಂದರೆ ಒಂದು ಮಾತು ಕೇಳಿ: ಕೋವಿ ಬೀಗದೊಳಗಿದೆಯಾ, ಅದರಿಂದ ಗುಂಡು ತೆಗೆದು ಬೇರೆ ಕಡೆ ಇಟ್ಟಿದ್ದಾರಾ? ಕೋವಿ ಇಟ್ಟುಕೊಂಡ ಜವಾಬ್ದಾರಿಯ ಮನೆಯವರಿಗೆ ಈ ಪ್ರಶ್ನೆ ಹೊಸದೇನಲ್ಲ.

ಅಮೆರಿಕದಲ್ಲಿರುವ ನಮ್ಮ ಕನ್ನಡದವರಿಗೆ ಇದು ಇನ್ನೂ ಮುಖ್ಯ. ಮಗು ಆಡಲು ಹೋಗುವ ಮನೆಯಲ್ಲಿ ಬೀಗ ಹಾಕದ ಬಂದೂಕು ಇದೆಯಾ ಅಂತ ಕೇಳಿ ಎಂದು ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿಯೇ ಅಪ್ಪ ಅಮ್ಮಂದಿರಿಗೆ ಸಲಹೆ ಕೊಡುತ್ತದೆ.

ಬ್ಯಾಗಿನಲ್ಲಿ ಏನು ಹಾಕಿ ಕಳಿಸಲಿ?

ಕಮ್ಮಿ ಹಾಕಿ. ನೈಟ್‌ಡ್ರೆಸ್, ಮಾರನೇ ದಿನದ ಬಟ್ಟೆ, ಒಂದು ಜೊತೆ ಜಾಸ್ತಿ ಒಳ ಉಡುಪು, ಬ್ರಷ್, ಟವೆಲ್, ಸಣ್ಣ ಟಾರ್ಚ್. ಮನೆಯಲ್ಲಿ ದಿನಾ ಹೊದೆಯುವ ರಗ್ಗು ಇದ್ದರೆ ಅದನ್ನೇ ಕಳಿಸಿ. ಅದರ ವಾಸನೆಗೇ ಮಕ್ಕಳಿಗೆ ನಿದ್ದೆ ಬರುತ್ತದೆ. ಒಂದು ಚೀಟಿಯಲ್ಲಿ ಎರಡು ಫೋನ್ ನಂಬರ್ ಬರೆದು ಕೊಡಿ. ಚಿನ್ನದ ಸರ, ಓಲೆ ಮನೆಯಲ್ಲೇ ಬಿಚ್ಚಿಡಿ. ಕಳೆದುಹೋದರೆ ಎರಡೂ ಮನೆಯವರ ಸ್ನೇಹ ಕೆಡುತ್ತದೆ. ಬರಿಗೈಯಲ್ಲಿ ಕಳಿಸಲು ಮನಸ್ಸು ಬಾರದಿದ್ದರೆ ಒಂದು ಚಿಪ್ಪು ಬಾಳೆಹಣ್ಣು ಸಾಕು.

ಊಟದ ಕಟ್ಟುಪಾಡು ಇದ್ದರೆ?

ಹೇಳಿ. ಮೊಟ್ಟೆ ತಿನ್ನಲ್ಲ, ಕೇಕ್‌ನಲ್ಲೂ ಬೇಡ ಅಂದರೆ ಅಷ್ಟನ್ನೇ ನೇರವಾಗಿ ಹೇಳಿ. ಹಲಾಲ್ ಮಾತ್ರ ತಿನ್ನುವ ಮನೆಯವರು, ಈರುಳ್ಳಿ ಬೆಳ್ಳುಳ್ಳಿ ತಿನ್ನದ ಮನೆಯವರು, ಯಾರೇ ಆದರೂ ಮೊದಲೇ ಹೇಳಿದರೆ ಅಡುಗೆ ಮಾಡುವವರಿಗೇ ಸುಲಭ. ಮೊಸರನ್ನ, ಚಪಾತಿ, ದೋಸೆ ಇದ್ದರೆ ಎಲ್ಲ ಮಕ್ಕಳ ಹೊಟ್ಟೆಯೂ ತುಂಬುತ್ತದೆ.

ಅಲರ್ಜಿ ಮಾತ್ರ ಬೇರೆಯೇ ವಿಷಯ. ಮೂರು ವರ್ಷದ ಹಿಂದೆ ನಮ್ಮ ಮನೆಗೆ ಬಂದಿದ್ದ ಒಂದು ಹುಡುಗಿಗೆ ಬೆಳಗ್ಗೆ ದೋಸೆಗೆ ಶೇಂಗಾ ಚಟ್ನಿಪುಡಿ ಹಾಕಿದೆ. ಹತ್ತು ನಿಮಿಷದಲ್ಲಿ ತುಟಿ ಊದಿತು, ಮೈಮೇಲೆಲ್ಲ ದದ್ದು ಎದ್ದಿತು. ಹತ್ತಿರದ ಆಸ್ಪತ್ರೆಗೆ ಎತ್ತಿಕೊಂಡು ಓಡಿದೆವು. ಮಗು ಚೇತರಿಸಿಕೊಂಡಿತು. ಅವಳ ಅಮ್ಮ ಬಂದು ನನ್ನ ಕೈ ಹಿಡಿದು ಅತ್ತರು. "ಮೊದಲ ಸಲ ಕಳಿಸ್ತಿದ್ದೀನಿ, ಅದು ಬೇಡ ಇದು ಬೇಡ ಅಂದರೆ ನೀವೇನು ಅಂದ್ಕೋತೀರೋ ಅಂತ ಸುಮ್ಮನಾದೆ" ಅಂದರು. ತಪ್ಪು ಅವರದಷ್ಟೇ ಅಲ್ಲ. ನಾನೂ ಕೇಳಿರಲಿಲ್ಲ. ಅವತ್ತಿನಿಂದ ನಮ್ಮ ಮನೆಗೆ ಯಾವ ಮಗು ಬಂದರೂ ನನ್ನ ಮೊದಲ ಮೆಸೇಜ್ ಒಂದೇ: "ಯಾವ ಆಹಾರ ಆಗಲ್ಲ? ಯಾವ ಔಷಧಿ ಆಗಲ್ಲ?"

ಶೇಂಗಾ, ಗೋಡಂಬಿ, ಎಳ್ಳು, ಹಾಲು, ಮೊಟ್ಟೆ, ಸಿಗಡಿ, ಇವುಗಳಲ್ಲಿ ಯಾವುದಾದರೂ ಆಗದಿದ್ದರೆ ಚೀಟಿಯಲ್ಲಿ ಬರೆದೇ ಕೊಡಿ. ತುಟಿ ಊದುವುದರ ಜೊತೆ ಉಸಿರು ಕಟ್ಟಿದರೆ, ಧ್ವನಿ ಒಡೆದರೆ, ಮಗು ಜೋಲಿ ಹೊಡೆದರೆ ಒಂದು ಕ್ಷಣವೂ ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ. ಉಬ್ಬಸ ಇರುವ ಮಗುವಿನ ಜೊತೆ ಇನ್‌ಹೇಲರ್ ಮತ್ತು ಸ್ಪೇಸರ್ ಎರಡೂ ಹೋಗಬೇಕು. ಆ ಮನೆಯವರಿಗೆ ಹಾಕುವ ರೀತಿ ತೋರಿಸಿ. ಆ ರಾತ್ರಿ ಸೊಳ್ಳೆ ಬತ್ತಿ, ಅಗರಬತ್ತಿ ಹಚ್ಚಬೇಡಿ ಅಂತ ಕೇಳಿಕೊಳ್ಳಿ.

ನಮ್ಮ ಅತ್ತೆಗೆ ಇಷ್ಟ ಇಲ್ಲ. "ಬೇರೆ ಜನದ ಮನೇಲಿ ಉಣ್ಣೋದು, ಮಲಗೋದು ಏನು" ಅಂತಾರೆ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಜಾತಿ, ಧರ್ಮದ ಕಾರಣಕ್ಕೆ ಒಂದು ಮನೆಯನ್ನು ಬಿಟ್ಟು ಇನ್ನೊಂದು ಮನೆಗೆ ಮಾತ್ರ ಕಳಿಸುತ್ತೀರಿ ಅಂದರೆ ಮಗುವಿಗೆ ಅದು ಅರ್ಥವಾಗುತ್ತದೆ. ಹತ್ತು ವರ್ಷದ ಹುಡುಗಿಗೆ ತನ್ನ ಗೆಳತಿಯನ್ನು ಯಾಕೆ ಬೇಡ ಅಂದರು ಅನ್ನೋದು ಜೀವನಪೂರ್ತಿ ನೆನಪಿರುತ್ತದೆ. ಗೆಳತಿಗೂ ನೆನಪಿರುತ್ತದೆ. ನಮ್ಮ ಮಗಳು ರಂಜಾನ್ ತಿಂಗಳಲ್ಲಿ ಒಂದು ಮನೆಯಲ್ಲಿ ಉಳಿದಿದ್ದಳು. ಬೆಳಗಿನ ಜಾವ ಸಹರಿಗೆ ಎಲ್ಲರೂ ಎದ್ದು ಊಟ ಮಾಡೋದನ್ನು ನಿದ್ದೆಗಣ್ಣಿನಲ್ಲಿ ನೋಡಿದ್ದನ್ನು ಬಂದು ಒಂದು ವಾರ ಹೇಳಿದಳು.

ಅತ್ತೆಯನ್ನು ಒಪ್ಪಿಸಲು ವಾದ ಮಾಡಬೇಡಿ. ಆ ಗೆಳತಿಯನ್ನು ಮೊದಲು ನಿಮ್ಮ ಮನೆಗೆ ಕರೆಸಿ. ನಮ್ಮ ಅತ್ತೆ ಆ ಹುಡುಗಿಗೆ ತಲೆ ಬಾಚಿ ಎರಡು ಜಡೆ ಹಾಕಿದ ಮೇಲೆ ಮಾತೇ ಬದಲಾಯಿತು.

ಹಾಸಿಗೆ ಒದ್ದೆ ಮಾಡುವ ಮಗುವನ್ನು ಕಳಿಸಬಹುದಾ?

ಕಳಿಸಬಹುದು. ಇದನ್ನು ತಾಯಂದಿರು ಬಹಳ ಸಣ್ಣ ದನಿಯಲ್ಲಿ ಕೇಳುತ್ತಾರೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ. ಐದು ವರ್ಷದ ನೂರು ಮಕ್ಕಳಲ್ಲಿ ಸುಮಾರು 15 ಮಕ್ಕಳು ರಾತ್ರಿ ಹಾಸಿಗೆ ಒದ್ದೆ ಮಾಡುತ್ತಾರೆ. ಹತ್ತು ವರ್ಷದವರಲ್ಲಿ ಸುಮಾರು 5 ಮಕ್ಕಳು. ಅಂದರೆ ನಿಮ್ಮ ಮಗನ ಕ್ಲಾಸಿನಲ್ಲಿ ಇನ್ನೂ ಒಬ್ಬಿಬ್ಬರು ಇದ್ದೇ ಇರುತ್ತಾರೆ, ಅವರ ಮನೆಯವರೂ ಬಾಯಿಬಿಡುತ್ತಿಲ್ಲ. ಇದು ಸೋಮಾರಿತನ ಅಲ್ಲ, ಹಟವೂ ಅಲ್ಲ. ಎಷ್ಟೋ ಸಲ ಅಪ್ಪನಿಗೋ ಅಮ್ಮನಿಗೋ ಚಿಕ್ಕಂದಿನಲ್ಲಿ ಇದ್ದದ್ದೇ ಮಗುವಿಗೂ ಬಂದಿರುತ್ತದೆ.

ಆ ಮನೆಯ ಅಮ್ಮನಿಗೆ ಮಾತ್ರ ಹೇಳಿ, ಮಕ್ಕಳಿಗೆ ಬೇಡ. ಮಗುವಿನ ಹಾಸಿಗೆ ಬಾತ್‌ರೂಮಿನ ಹತ್ತಿರ ಹಾಕಲು ಕೇಳಿ. ಹಾಸಿಗೆ ಮೇಲೆ ಹಾಸಲು ರಬ್ಬರ್ ಶೀಟ್, ದೊಡ್ಡ ಮಕ್ಕಳ ಸೈಜಿನ ಪ್ಯಾಂಟ್ ಥರದ ಡೈಪರ್ ಇವೆ. ಅದನ್ನು ಮಗು ಬಾತ್‌ರೂಮಿನಲ್ಲೇ ಹಾಕಿಕೊಂಡು ಬಂದರೆ ಯಾರಿಗೂ ಗೊತ್ತಾಗಲ್ಲ. ದೊಡ್ಡವರು ತಾವು ಮಲಗುವ ಮುಂಚೆ ಒಮ್ಮೆ ಎಬ್ಬಿಸಿದರೂ ಆಗುತ್ತದೆ.

ಇಂಥ ರಾತ್ರಿಗಳಿಗೆ ವೈದ್ಯರು ಡೆಸ್ಮೋಪ್ರೆಸಿನ್ ಅನ್ನುವ ಮಾತ್ರೆ ಬರೆದುಕೊಡುವುದೂ ಉಂಟು. ಅದನ್ನು ತೆಗೆದುಕೊಳ್ಳುವ ಒಂದು ಗಂಟೆ ಮುಂಚಿನಿಂದ ಎಂಟು ಗಂಟೆ ನಂತರದವರೆಗೆ ನೀರು ತುಂಬಾ ಕಮ್ಮಿ ಕುಡಿಯಬೇಕು. ಹಾಗಾಗಿ ವೈದ್ಯರನ್ನು ಕೇಳದೆ ಕೊಡಲೇಬೇಡಿ. ಹೋಗುವ ರಾತ್ರಿಯೇ ಮೊದಲ ಸಲ ಕೊಡುವುದೂ ಬೇಡ, ಕೆಲವು ವಾರ ಮುಂಚೆ ಮನೆಯಲ್ಲಿ ಕೊಟ್ಟು ನೋಡಿರಬೇಕು. ಇಷ್ಟು ದಿನ ಹಾಸಿಗೆ ಒದ್ದೆ ಮಾಡದಿದ್ದ ಮಗು ಇದ್ದಕ್ಕಿದ್ದಂತೆ ಒದ್ದೆ ಮಾಡಲು ಶುರು ಮಾಡಿದರೆ, ಜೊತೆಗೆ ಬಾಯಾರಿಕೆ ಜಾಸ್ತಿಯಾಗಿದ್ದರೆ, ಸ್ಲೀಪ್‌ಓವರ್ ಪಕ್ಕಕ್ಕಿಡಿ, ಅವತ್ತೇ ಡಾಕ್ಟರಿಗೆ ತೋರಿಸಿ.

ನಿಮ್ಮ ಮನೆಗೆ ಬಂದ ಮಗು ಒದ್ದೆ ಮಾಡಿದರೆ? ಬೆಳಗ್ಗೆ ಮೊದಲು ಅದನ್ನೊಂದೇ ಎಬ್ಬಿಸಿ. ಬೇರೆ ಬಟ್ಟೆ ಕೊಡಿ. ಬೆಡ್‌ಶೀಟ್ ಮಷೀನಿಗೆ ಹಾಕಿ. ಯಾರಾದರೂ ಕೇಳಿದರೆ "ನೀರು ಚೆಲ್ಲಿತು" ಅನ್ನಿ.

ಮುಟ್ಟು ಶುರುವಾಗುವ ವಯಸ್ಸಿನ ಹುಡುಗಿಯರಿಗೆ?

ಒಂಬತ್ತು ದಾಟಿದ ಮೇಲೆ ಬ್ಯಾಗಿನಲ್ಲಿ ಎರಡು ಪ್ಯಾಡ್, ಒಂದು ಗಾಢ ಬಣ್ಣದ ಪ್ಯಾಂಟ್ ಇರಲಿ. ಹೇಗೆ ಹಾಕೋದು, ಪೇಪರಿನಲ್ಲಿ ಸುತ್ತಿ ಎಲ್ಲಿ ಎಸೆಯೋದು ಅಂತ ಮನೆಯಲ್ಲೇ ತೋರಿಸಿ. ಮೊದಲ ಮುಟ್ಟು ಬೇರೆ ಮನೆಯಲ್ಲೇ ಆಗಿಬಿಟ್ಟರೂ ಹೆದರಬಾರದು. ಕೆಲವು ಮನೆಗಳಲ್ಲಿ ಆ ದಿನಗಳಲ್ಲಿ ದೇವರ ಮನೆಗೆ, ಅಡುಗೆ ಮನೆಗೆ ಹೋಗುವಂತಿಲ್ಲ. ನಿಮ್ಮ ಮನೆಯಲ್ಲಿ ಅದು ಇಲ್ಲದಿದ್ದರೆ ಮಗಳಿಗೆ ಇಂಥ ಮನೆಗಳೂ ಇರುತ್ತವೆ ಅಂತ ಮೊದಲೇ ಹೇಳಿ. ನಿಮ್ಮ ಮನೆಯಲ್ಲಿ ಅದು ಇದ್ದರೆ, ಬಂದ ಹುಡುಗಿಯನ್ನು ಮಾತ್ರ ಬೇರೆ ಕೂರಿಸಬೇಡಿ. ಅತಿಥಿಯಾಗಿ ಬಂದ ಮಗು ಅದು. ಒಂದು ಬಿಸಿನೀರಿನ ಬ್ಯಾಗ್ ಕೊಟ್ಟು, ಅವಳ ಅಮ್ಮನಿಗೆ ಫೋನ್ ಮಾಡಿ ಕೊಡಿ.

ಯಾರಾದರೂ ಕೆಟ್ಟದಾಗಿ ಮುಟ್ಟಿದರೆ ಅನ್ನುವ ಭಯವೇ ನನಗೆ ದೊಡ್ಡದು.

ನನಗೂ ಅದೇ ಭಯ. ಈ ಭಯಕ್ಕೆ ಆಧಾರ ಇದೆ. ಮಕ್ಕಳ ಮೇಲೆ ದೌರ್ಜನ್ಯ ಮಾಡುವವರಲ್ಲಿ ಹೆಚ್ಚಿನವರು ಮಗುವಿಗೆ ಗೊತ್ತಿರುವವರೇ. ಗಂಡು ಮಕ್ಕಳಿಗೂ ಇದು ಆಗುತ್ತದೆ. "ಹುಡುಗ ತಾನೇ, ಕಳಿಸು" ಅನ್ನುವ ಮಾತು ನನಗೆ ಒಪ್ಪಿಗೆ ಇಲ್ಲ. ಮಗನನ್ನು ಕಳಿಸುವಾಗಲೂ ಇದೇ ಪ್ರಶ್ನೆಗಳನ್ನು ಕೇಳಿ.

ಮಗುವಿಗೆ ಹೋಗುವ ದಿನವೇ ಕೂರಿಸಿಕೊಂಡು ಪಾಠ ಮಾಡಿದರೆ ಅದು ಹೆದರುತ್ತದೆ. ಸ್ನಾನ ಮಾಡಿಸುವಾಗ, ಬಟ್ಟೆ ಹಾಕುವಾಗ ಚಿಕ್ಕಂದಿನಿಂದ ಹೇಳುತ್ತಾ ಬನ್ನಿ. ಒಳ ಉಡುಪು ಮುಚ್ಚುವ ಜಾಗವನ್ನು ಯಾರೂ ಮುಟ್ಟಬಾರದು, ನೋಡಬಾರದು, ಫೋಟೋ ತೆಗೆಯಬಾರದು. ಅವರದನ್ನು ನಿನಗೆ ತೋರಿಸಲೂಬಾರದು, ಮುಟ್ಟು ಅನ್ನಲೂಬಾರದು. "ಅಮ್ಮಂಗೆ ಹೇಳ್ಬೇಡ" ಅಂತ ಯಾರಾದರೂ ದೊಡ್ಡವರು ಅಂದರೆ ಅದನ್ನು ಅಮ್ಮನಿಗೆ ಮೊದಲು ಹೇಳಬೇಕು. ಬಟ್ಟೆ ಬದಲಾಯಿಸೋದು ಬಾತ್‌ರೂಮಿನಲ್ಲಿ, ಚಿಲಕ ಹಾಕಿಕೊಂಡು. ದೊಡ್ಡವರ ಮಂಚದಲ್ಲಿ ಮಲಗೋದು ಬೇಡ. ಆ ಮನೆಯ ಅಂಕಲ್, ತಾತ ಪ್ರೀತಿಯಿಂದ ತಬ್ಬಿಕೊಳ್ಳಲು ಬಂದರೂ ಬೇಡ ಅನಿಸಿದರೆ ಕೈ ಮುಗಿದು ನಮಸ್ಕಾರ ಹೇಳಿದರೆ ಸಾಕು.

ಮಗು ಏನಾದರೂ ಹೇಳಿದರೆ ಮೊದಲು ನಂಬಿ. "ನೀನ್ಯಾಕೆ ಅಲ್ಲಿ ಹೋದೆ, ಯಾಕೆ ಕೂಗಲಿಲ್ಲ" ಅಂತ ಕೇಳಬೇಡಿ. "ಹೇಳಿದ್ದು ಒಳ್ಳೇದಾಯ್ತು, ನಿನ್ನ ತಪ್ಪು ಏನೂ ಇಲ್ಲ" ಅನ್ನಿ. ಮಕ್ಕಳ ಸಹಾಯವಾಣಿ 1098 ದಿನದ 24 ಗಂಟೆಯೂ ಇರುತ್ತದೆ, ಕಾಸು ಬೀಳುವುದಿಲ್ಲ. ತುರ್ತಾದರೆ 112. 2012ರ ಪೋಕ್ಸೊ ಕಾಯ್ದೆ 18 ವರ್ಷದೊಳಗಿನ ಹುಡುಗ, ಹುಡುಗಿ ಇಬ್ಬರಿಗೂ ಅನ್ವಯಿಸುತ್ತದೆ. ಅಪರಾಧ ನಡೆದಿದೆ ಅಂತ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಡುವುದೇ ಶಿಕ್ಷೆಯಾಗುವ ತಪ್ಪು. ಮಗು ಸ್ಟೇಷನ್ನಿಗೆ ಅಲೆಯಬೇಕಾಗಿಲ್ಲ. ಹೇಳಿಕೆಯನ್ನು ಮಗುವಿನ ಮನೆಯಲ್ಲೇ, ಆದಷ್ಟೂ ಮಹಿಳಾ ಅಧಿಕಾರಿಯೇ, ಯೂನಿಫಾರ್ಮ್ ಇಲ್ಲದೆ ಬಂದು ಬರೆದುಕೊಳ್ಳಬೇಕು ಅಂತ ಕಾಯ್ದೆಯಲ್ಲೇ ಇದೆ. ಮಗುವಿನ ಹೆಸರು ಹೊರಗೆ ಬರುವಂತಿಲ್ಲ. "ಮಾನ ಹೋಗುತ್ತೆ" ಅಂತ ಎಷ್ಟೋ ಮನೆಗಳು ಸುಮ್ಮನಾಗುತ್ತವೆ. ಅದಕ್ಕೇ ಇದನ್ನು ಇಷ್ಟು ಬಿಡಿಸಿ ಬರೆದೆ.

ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ "ಮನೆಗೆ ಬರಬೇಕು" ಅಂತ ಅತ್ತರೆ?

ಹೋಗಿ ಕರೆದುಕೊಂಡು ಬನ್ನಿ. ಐದು ನಿಮಿಷ ಮಾತಾಡಿ ಸಮಾಧಾನ ಆಗುತ್ತಾ ನೋಡಿ, ಆಗದಿದ್ದರೆ ಹೊರಡಿ. ನಮ್ಮ ಮಗಳು ಮೊದಲ ಪೂರ್ತಿ ರಾತ್ರಿ ಅಂತ ಹೋದವಳು ಹನ್ನೊಂದೂವರೆಗೆ ಫೋನ್ ಮಾಡಿದಳು. ಅವಳ ಅಪ್ಪ ಸ್ಕೂಟರ್ ತೆಗೆದುಕೊಂಡು ಹೋದರು. ಬಂದವಳು ನನ್ನ ಪಕ್ಕ ಮಲಗಿ ಎರಡು ನಿಮಿಷಕ್ಕೆ ನಿದ್ದೆ ಹೋದಳು. ಬೆಳಗ್ಗೆ ನಾವು ಆ ಮಾತೇ ಎತ್ತಲಿಲ್ಲ. ಮುಂದಿನ ತಿಂಗಳು ಅವಳಾಗೇ ಮತ್ತೆ ಕೇಳಿದಳು. ಕರೆದರೆ ಅಪ್ಪ ಬರುತ್ತಾರೆ ಅಂತ ಗೊತ್ತಿದ್ದರಿಂದಲೇ ಎರಡನೇ ಸಲ ಬೆಳಗಿನವರೆಗೆ ಇದ್ದಳು ಅಂತ ನನ್ನ ನಂಬಿಕೆ.

ಕೆಲವು ಮಕ್ಕಳಿಗೆ ಗೆಳತಿಯ ಎದುರು ಅಳಲು ನಾಚಿಕೆ. ಅದಕ್ಕೆ ಒಂದು ಗುಟ್ಟಿನ ಮಾತು ಇಟ್ಟುಕೊಳ್ಳಿ. ನಮ್ಮದು "ನನ್ನ ನೀಲಿ ಪೆನ್ನು ಸಿಕ್ತಾ?" ಹಾಗೆ ಕೇಳಿದರೆ ನಾನೇ "ಅಜ್ಜಿ ಬಂದಿದ್ದಾರೆ, ಬರಬೇಕು" ಅಂತ ಕರೆಸಿಕೊಳ್ಳುತ್ತೇನೆ.

ಮಗು ನಿಮ್ಮ ಮನೆಯಲ್ಲಿ ಅತ್ತರೆ "ಇಷ್ಟು ದೊಡ್ಡವಳಾಗಿ ಅಳ್ತೀಯಾ" ಅನ್ನಬೇಡಿ. ಬೇರೆ ಮಕ್ಕಳಿಂದ ಸ್ವಲ್ಪ ಆಚೆ ಅಡುಗೆ ಮನೆಗೆ ಕರೆದು ಬಿಸಿ ಹಾಲು ಕೊಡಿ, ಅಮ್ಮನಿಗೆ ಫೋನ್ ಹಚ್ಚಿ. ಫೋನ್ ಮಾಡಿದರೆ ಇನ್ನೂ ಜಾಸ್ತಿ ಅಳುತ್ತೆ ಅಂತ ತಡೆಯಬಾರದು.

ಫೋನು, ಟಿವಿ, ಫೋಟೋಗಳ ಬಗ್ಗೆ ಏನು ನಿಯಮ?

ನಮ್ಮಲ್ಲಿ ಒಂಬತ್ತಕ್ಕೆ ಎಲ್ಲರ ಫೋನೂ ಅಡುಗೆ ಮನೆಯ ಕಟ್ಟೆ ಮೇಲಿನ ಬುಟ್ಟಿಗೆ ಬರುತ್ತದೆ. ಅಮ್ಮನಿಗೆ ಫೋನ್ ಮಾಡಬೇಕಾದವರು ಯಾವಾಗ ಬೇಕಾದರೂ ಬಂದು ಮಾಡಬಹುದು. ಯಾವ ಸಿನಿಮಾ ಹಾಕುತ್ತೇವೆ ಅಂತ ಮುಂಚೆಯೇ ಮೆಸೇಜ್ ಮಾಡುತ್ತೇನೆ. ದೆವ್ವದ ಸಿನಿಮಾ ಹಾಕಿದರೆ ರಾತ್ರಿ ಎರಡು ಗಂಟೆಗೆ ಆರು ಮಕ್ಕಳೂ ಎದ್ದು ಕೂರುತ್ತಾರೆ, ಹಾಗಾಗಿ ಅದು ಇಲ್ಲ. ನೈಟ್‌ಡ್ರೆಸ್‌ನಲ್ಲಿರುವ, ಮಲಗಿರುವ ಮಕ್ಕಳ ಫೋಟೋ ತೆಗೆಯಬೇಡಿ. ಬೇರೆಯವರ ಮಗುವಿನ ಯಾವ ಫೋಟೋವನ್ನೂ ಕೇಳದೆ ಸ್ಟೇಟಸ್ಸಿಗೆ ಹಾಕಬೇಡಿ.

ಎಷ್ಟು ಹೊತ್ತಿಗೆ ಮಲಗಿಸಬೇಕು?

ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ಅವತ್ತು ಅಷ್ಟು ಆಗೋದಿಲ್ಲ, ಒಪ್ಪಿಕೊಳ್ಳಿ. ಮಾರನೇ ದಿನ ರಜೆ ಇರುವ ರಾತ್ರಿ ಮಾತ್ರ ಇಟ್ಟುಕೊಳ್ಳಿ. ಹತ್ತೂವರೆಗೆ ದೀಪ ಆರಿಸಿ, ಪಿಸುಮಾತಿಗೆ ಒಂದು ಗಂಟೆ ಬಿಡಿ. ಆ ಪಿಸುಮಾತಿಗೇ ತಾನೇ ಅವರು ಬಂದಿರೋದು. ಮಾರನೇ ದಿನ ಸಂಜೆ ಮಗು ಸುಮ್ನೆ ಸುಮ್ನೆ ರೇಗಿದರೆ ಬೈಯಬೇಡಿ, ಎಂಟಕ್ಕೇ ಮಲಗಿಸಿ.

ನಾಯಿ ಇರುವ ಮನೆ?

ನಾಯಿಗೆ ರೇಬೀಸ್ ಲಸಿಕೆ ಹಾಕಿಸಿದ್ದಾರಾ ಕೇಳಿ. ಊಟ ಮಾಡುವ, ಮಲಗಿರುವ ನಾಯಿಯನ್ನು ಮುಟ್ಟಬಾರದು ಅಂತ ಮಗುವಿಗೆ ಹೇಳಿ. ಕಚ್ಚಿದರೆ, ಉಗುರು ತಾಗಿ ರಕ್ತ ಬಂದರೆ, ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅವತ್ತೇ ಡಾಕ್ಟರ ಹತ್ತಿರ ಹೋಗಬೇಕು. ಅರಿಸಿನ, ಕಾಫಿಪುಡಿ ಹಚ್ಚಬೇಡಿ.

ಒಂದು ಮನೆಗೆ ಕಳಿಸಲು ಮನಸ್ಸಿಲ್ಲ. ಹೇಗೆ ಬೇಡ ಅನ್ನಲಿ?

ಸುಳ್ಳು ಹೇಳಬೇಡಿ, ಕಾರಣ ಕೊಡುವ ಹಂಗೂ ಇಲ್ಲ. "ನಾವು ರಾತ್ರಿ ಉಳಿಯೋಕೆ ಕಳಿಸ್ತಿಲ್ಲ ಕಣ್ರೀ, ನಿಮ್ಮ ಮಗಳನ್ನ ಭಾನುವಾರ ಇಡೀ ದಿನ ನಮ್ಮಲ್ಲಿಗೆ ಕಳಿಸಿ" ಅನ್ನಿ. ಮಗುವೇ "ಆ ಮನೆ ಬೇಡ" ಅಂದರೆ ಒತ್ತಾಯ ಮಾಡದೆ, ಯಾಕೆ ಅಂತ ನಿಧಾನವಾಗಿ ಕೇಳಿ. ಆ ಮಾತಿಗೆ ನಾನು ಬಹಳ ಬೆಲೆ ಕೊಡುತ್ತೇನೆ.

ವಾಪಸ್ ಬಂದ ಮೇಲೆ ಏನು ಕೇಳಲಿ?

ಬಾಗಿಲಲ್ಲೇ ನಿಲ್ಲಿಸಿ ಕೇಳಬೇಡಿ. ಸ್ನಾನ, ತಿಂಡಿ ಆಗಲಿ. "ಏನು ಆಟ ಆಡಿದಿರಿ? ಯಾರ ಪಕ್ಕ ಮಲಗಿದ್ದೆ? ಯಾವುದು ಇಷ್ಟ ಆಯ್ತು? ಯಾವುದು ಇಷ್ಟ ಆಗ್ಲಿಲ್ಲ?" ಕೊನೆಯ ಪ್ರಶ್ನೆಯನ್ನು ಪ್ರತಿ ಸಲವೂ ಕೇಳಿದರೆ ಅದಕ್ಕೆ ಉತ್ತರಿಸೋದು ಮಗುವಿಗೆ ರೂಢಿಯಾಗುತ್ತದೆ. ಮಾಮೂಲಾಗಿ ಹರಟುವ ಮಗು ಮುದುಡಿಕೊಂಡಿದ್ದರೆ, ಆ ಮನೆಯ ಹೆಸರೆತ್ತಿದರೆ ಮುಖ ತಿರುಗಿಸಿದರೆ ಗಮನಿಸಿ.

ನಮ್ಮದು ಒಂದೇ ರೂಮಿನ ಮನೆ. ಮಗಳ ಗೆಳತಿಯರೆಲ್ಲ ದೊಡ್ಡ ಮನೆಯವರು. ಕರೆಯಬಹುದಾ?

ದಯವಿಟ್ಟು ಕರೆಯಿರಿ. ಮಕ್ಕಳಿಗೆ ಒಟ್ಟಿಗೆ ಸಾಲಾಗಿ ಮಲಗುವುದೇ ಸಂಭ್ರಮ. ಬೇರೆ ಬೇರೆ ಮಂಚ ಇರುವ ಮನೆಯ ಮಕ್ಕಳಿಗಂತೂ ಅದು ಸಿಗುವುದೇ ಇಲ್ಲ. ಒಬ್ಬಳನ್ನು ಕರೆಯಿರಿ, ಇಲ್ಲ ಮಗಳೂ ಸೇರಿ ನಾಲ್ವರಾಗುವಂತೆ ನೋಡಿ. ಮೂವರಾದರೆ ಇಬ್ಬರು ಜೊತೆಯಾಗಿ ಒಬ್ಬಳು ಒಂಟಿಯಾಗುತ್ತಾಳೆ. ಟೀಪಾಯಿ ಪಕ್ಕಕ್ಕೆ ಸರಿಸಿ, ಚಾಪೆ ಮೇಲೆ ಜಮಖಾನ, ಅದರ ಮೇಲೆ ಬೆಡ್‌ಶೀಟ್ ಹಾಸಿ. ಬಾತ್‌ರೂಮಿನ ಚಿಲಕ ತೆಗೆಯೋದು ಹೇಗೆ ಅಂತ ಬಂದ ಕೂಡಲೇ ಎಲ್ಲರಿಗೂ ತೋರಿಸಿ, ಅಲ್ಲಿ ಒಂದು ಸಣ್ಣ ದೀಪ ಉರಿಯಲಿ. ದೋಸೆ ಹಿಟ್ಟು ಮಾತ್ರ ಜಾಸ್ತಿ ರುಬ್ಬಿಡಿ. ಮನೆಯಲ್ಲಿ ಒಂದೂವರೆ ದೋಸೆ ತಿನ್ನುವ ಮಕ್ಕಳು ಬೇರೆಯವರ ಮನೆಯಲ್ಲಿ ನಾಲ್ಕು ತಿನ್ನುತ್ತಾರೆ.